ಪುಟ್ಟ ಊರಿನ ಹೈಸ್ಕೂಲಿನಿಂದ ಅಮೆರಿಕದ ದೊಡ್ಡ ಕಾಲೇಜುಗಳಿಗೆ ಅರ್ಜಿ: ಒಂಬತ್ತನೇ ತರಗತಿಯಿಂದ ಕೊನೆಯ ಮೇ ತಿಂಗಳವರೆಗೆ

ಅಮೆರಿಕದಲ್ಲಿರುವ ಕನ್ನಡಿಗರೆಲ್ಲ ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾರೆ ಎಂದುಕೊಳ್ಳುವವರೇ ಹೆಚ್ಚು. ಆಸ್ಪತ್ರೆಯ ಕೆಲಸಕ್ಕೋ ಫ್ಯಾಕ್ಟರಿಯ ಕೆಲಸಕ್ಕೋ ಐದಾರು ಸಾವಿರ ಜನರ ಊರಿಗೆ ಬಂದು, ಅಲ್ಲೇ ಮಕ್ಕಳನ್ನು ಬೆಳೆಸಿದವರೂ ಸಾಕಷ್ಟು ಮಂದಿ ಇದ್ದೇವೆ. ನಮ್ಮ ಮನೆಯ ಸುತ್ತ ಮೆಕ್ಕೆಜೋಳ, ಸೋಯಾ ಹೊಲಗಳು. ದೊಡ್ಡ ಊರು ಒಂದೂವರೆ ಗಂಟೆ ದೂರ. ಇಡೀ ಕೌಂಟಿಗೆ ಒಂದೇ ಹೈಸ್ಕೂಲು, ಮಗಳ ಕ್ಲಾಸಿನಲ್ಲಿ 43 ಮಕ್ಕಳು.

ಅವಳು ಅರ್ಜಿ ಹಾಕಿದ ವರ್ಷ ನನಗೊಂದು ಪಾಠವಾಯಿತು. ಶಾಲೆಯವರು ಪ್ರತಿ ಅರ್ಜಿಯ ಜೊತೆಗೆ ‘ಸ್ಕೂಲ್ ಪ್ರೊಫೈಲ್’ ಎಂಬ ಒಂದೆರಡು ಪುಟದ ಕಾಗದ ಕಳಿಸುತ್ತಾರೆ. ನಮ್ಮ ಶಾಲೆಯ ಪ್ರೊಫೈಲ್‌ನಲ್ಲಿ ಆರು ಎಪಿ ಕೋರ್ಸ್‌ಗಳು (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠಗಳು) ಇವೆ ಎಂದು ಬರೆದಿತ್ತು. ಅದರಲ್ಲಿ ನಾಲ್ಕನ್ನು ಕಲಿಸುತ್ತಿದ್ದವರು ನಿವೃತ್ತರಾಗಿ ವರ್ಷಗಳೇ ಆಗಿದ್ದವು, ನಡೆಯುತ್ತಿದ್ದದ್ದು ಎರಡೇ. ಮಗಳು ಆ ಎರಡನ್ನೂ ಓದಿದ್ದಳು. ಕಾಗದ ಓದಿದವರಿಗೆ ಮಾತ್ರ ಅವಳು ಆರು ಇದ್ದರೂ ಎರಡೇ ಆರಿಸಿಕೊಂಡ ಹುಡುಗಿ. ಇದು ನನ್ನ ಕಣ್ಣಿಗೆ ಬಿದ್ದದ್ದು ಡಿಸೆಂಬರಿನಲ್ಲಿ. ನವೆಂಬರಿನ ಅರ್ಜಿ ಆಗಲೇ ಹೋಗಿಯಾಗಿತ್ತು.

ಸಿಇಟಿ ರ‍್ಯಾಂಕ್ ನೋಡಿ ಬೆಳೆದ ನಮ್ಮಂಥವರಿಗೆ ಇಲ್ಲಿನ ಪದ್ಧತಿ ಬೇಗ ತಲೆಗೆ ಹತ್ತುವುದಿಲ್ಲ. ಇಲ್ಲಿ ನಿಮ್ಮ ಮಗಳನ್ನು ದೇಶದ ಎಲ್ಲ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಣಿಸುವುದಿಲ್ಲ. ಅವಳ ಶಾಲೆಯಲ್ಲಿ ಏನೇನು ಸಿಗುತ್ತಿತ್ತು, ಸಿಕ್ಕಿದ್ದರಲ್ಲಿ ಅವಳು ಏನು ಮಾಡಿದಳು, ಸಿಗದೇ ಇದ್ದದ್ದಕ್ಕೆ ಎಲ್ಲಿ ದಾರಿ ಹುಡುಕಿದಳು ಎಂದು ನೋಡುತ್ತಾರೆ. ಇಪ್ಪತ್ತು ಎಪಿ ಇರುವ ಉಪನಗರದ ಶಾಲೆಯನ್ನು ಅಡ್ಮಿಷನ್ ಆಫೀಸಿನವರು ಹತ್ತಾರು ವರ್ಷಗಳಿಂದ ಬಲ್ಲರು. ನಮ್ಮ ಶಾಲೆಯ ಹೆಸರನ್ನೇ ಅವರು ಕೇಳಿರುವುದಿಲ್ಲ. ಆದ್ದರಿಂದ ಮಗುವಿನ ಜೊತೆಗೆ ಶಾಲೆಯನ್ನೂ ಊರನ್ನೂ ಪರಿಚಯ ಮಾಡಿಕೊಡುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿನವು ಅದಕ್ಕಾಗಿಯೇ.

ಒಂಬತ್ತು, ಹತ್ತನೇ ತರಗತಿ: ಗಣಿತದ ದಾರಿಯನ್ನು ಮೊದಲು ನೋಡಿ

ಶಾಲೆಯ ಕೋರ್ಸ್ ಪಟ್ಟಿ ಕೇಳಿ ತನ್ನಿ. ಗಣಿತ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಿ. ಎಷ್ಟೋ ಸಣ್ಣ ಶಾಲೆಗಳಲ್ಲಿ ಅದು ಪ್ರೀ-ಕ್ಯಾಲ್ಕುಲಸ್‌ಗೇ ಮುಗಿಯುತ್ತದೆ. ಎಂಜಿನಿಯರಿಂಗ್ ಅಥವಾ ವಿಜ್ಞಾನ ಓದಬೇಕೆಂಬ ಮಗುವಿಗೆ ಹನ್ನೆರಡನೇ ತರಗತಿಯ ಹೊತ್ತಿಗೆ ಕ್ಯಾಲ್ಕುಲಸ್ ಆಗಿರಬೇಕು. ಅದಕ್ಕೆ ಎಂಟು, ಒಂಬತ್ತನೇ ತರಗತಿಯಲ್ಲೇ ಲೆಕ್ಕ ಹಾಕಬೇಕು. ಹನ್ನೊಂದರಲ್ಲಿ ಎಚ್ಚೆತ್ತರೆ ಒಂದು ಬೇಸಿಗೆಯಲ್ಲಿ ಎರಡು ಕೋರ್ಸ್ ಓದುವ ಗತಿ ಬರುತ್ತದೆ.

ಶಾಲೆಯಲ್ಲಿ ಇಲ್ಲದ್ದನ್ನು ಓದಲು ಮೂರು ದಾರಿಗಳಿವೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಮೊದಲನೆಯದು. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಕ್ಲಾಸು ಓದಬಹುದು, ಆನ್‌ಲೈನ್‌ನಲ್ಲೂ ಆಗುತ್ತದೆ. ಕೆಲವು ರಾಜ್ಯಗಳಲ್ಲಿ ಫೀಸೇ ಇಲ್ಲ. ಒಂದು ಎಚ್ಚರಿಕೆ: ಅಲ್ಲಿ ಬಂದ ಗ್ರೇಡು ಕಾಲೇಜಿನ ದಾಖಲೆಯಾಗಿ ಶಾಶ್ವತವಾಗಿ ಉಳಿಯುತ್ತದೆ. ತಯಾರಿಲ್ಲದ ಮಗುವನ್ನು ಹತ್ತನೇ ತರಗತಿಯಲ್ಲೇ ಅಲ್ಲಿಗೆ ತಳ್ಳಬೇಡಿ. ಎರಡನೆಯ ದಾರಿ ರಾಜ್ಯದ ವರ್ಚುವಲ್ ಶಾಲೆ. ಫ್ಲೋರಿಡಾ, ನಾರ್ತ್ ಕ್ಯಾರೊಲಿನಾ, ಮಿಶಿಗನ್ ಮುಂತಾದ ಕಡೆ ಇಂಥವು ಚೆನ್ನಾಗಿ ನಡೆಯುತ್ತಿವೆ. ಎಪಿ ಪರೀಕ್ಷೆಗೆ ತಾನೇ ಓದಿಕೊಂಡು ಕೂರುವುದು ಮೂರನೆಯದು. ಎಪಿ ಕ್ಲಾಸಿಗೆ ಹೋಗದೆಯೂ ಪರೀಕ್ಷೆ ಬರೆಯಬಹುದು. ಪರೀಕ್ಷೆ ಮೇ ತಿಂಗಳಲ್ಲಾದರೂ ಹೆಸರು ಕೊಡುವ ಕೆಲಸ ಅದಕ್ಕೂ ಹಿಂದಿನ ಶರತ್ಕಾಲದಲ್ಲೇ ಮುಗಿಯಬೇಕು. ನಿಮ್ಮ ಶಾಲೆಯಲ್ಲಿ ಆ ಪರೀಕ್ಷೆ ಇಲ್ಲದಿದ್ದರೆ, ನಡೆಸುವ ಪಕ್ಕದ ಊರಿನ ಶಾಲೆಯ ಎಪಿ ಕೋಆರ್ಡಿನೇಟರ್‌ಗೆ ಸೆಪ್ಟೆಂಬರಿನಲ್ಲೇ ಫೋನ್ ಮಾಡಿ.

ಮೂರನ್ನೂ ಮಾಡಬೇಕೆಂದಿಲ್ಲ. ಮಗುವಿಗೆ ನಿಜವಾಗಿ ಹಿಡಿಸಿದ ವಿಷಯದಲ್ಲಿ ಶಾಲೆಯ ಗಡಿ ದಾಟಿ ಒಂದೆರಡು ಹೆಜ್ಜೆ ಹೋದರೆ ಸಾಕು.

ಕ್ಲಾಸಿನ ಹೊರಗೆ: ಊರಲ್ಲಿ ಇರುವುದನ್ನೇ ಹಿಡಿಯಿರಿ

ನಗರದ ಗೆಳೆಯರ ಮಕ್ಕಳು ರೋಬೋಟಿಕ್ಸ್, ಡಿಬೇಟ್, ಪ್ರೊಫೆಸರ್ ಜೊತೆ ರಿಸರ್ಚ್ ಎಂದು ಹೇಳುವಾಗ ನಮಗೆ ಹೊಟ್ಟೆಯಲ್ಲಿ ಕಸಿವಿಸಿ ಆಗುವುದು ಸಹಜ. ಆ ಸಂಕಟಕ್ಕೆ ಸಾವಿರಾರು ಡಾಲರ್ ಕೊಟ್ಟು ದೊಡ್ಡ ವಿಶ್ವವಿದ್ಯಾಲಯದ ಹೆಸರು ಹೊತ್ತ ಬೇಸಿಗೆ ಶಿಬಿರಕ್ಕೆ ಸೇರಿಸಬೇಡಿ. ಹಣ ಕೊಟ್ಟವರಿಗೆಲ್ಲ ಬಾಗಿಲು ತೆರೆಯುವ ಶಿಬಿರಕ್ಕೆ ಅಡ್ಮಿಷನ್ ಆಫೀಸಿನಲ್ಲಿ ಬೆಲೆ ಕಡಿಮೆ. ಹಣ ತೆಗೆದುಕೊಳ್ಳದೆ ಅರ್ಜಿ ನೋಡಿ ಆರಿಸುವ ಎಂಐಟಿಯ ಮೈಟ್ಸ್, ಟೆಲ್ಯುರೈಡ್ ಸಂಸ್ಥೆಯ ಬೇಸಿಗೆ ಸೆಮಿನಾರ್ ಇಂಥವುಗಳಿಗೆ ಖಂಡಿತ ಪ್ರಯತ್ನಿಸಿ. ಕೆಲವು ರಾಜ್ಯಗಳು ಬೇಸಿಗೆಯಲ್ಲಿ ನಡೆಸುವ ಗವರ್ನರ್ಸ್ ಸ್ಕೂಲ್‌ಗಳನ್ನೂ ನೋಡಿ.

ನಮ್ಮ ಊರುಗಳಲ್ಲಿ ಇರುವುದೇ ಬೇರೆ ಸಂಪತ್ತು. ಮಕ್ಕಳ ಕ್ಲಬ್ಬಾದ 4-ಎಚ್, ಕೃಷಿ ಕಲಿಯುವ ವಿದ್ಯಾರ್ಥಿಗಳಿಗಾಗಿ 1928ರಿಂದ ನಡೆಯುತ್ತಿರುವ ಸಂಘ ಎಫ್‌ಎಫ್‌ಎ, ಕೌಂಟಿ ಫೇರ್, ಊರಿನ ಲೈಬ್ರರಿ, ಸ್ವಯಂಸೇವಕರೇ ನಡೆಸುವ ಅಗ್ನಿಶಾಮಕ ದಳ. ನನಗೆ ಗೊತ್ತಿರುವ ಒಬ್ಬ ಹುಡುಗ ಬಾವಿ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಎರಡು ವರ್ಷ ಅಳೆದು ಕೌಂಟಿಯವರ ಸಭೆಯಲ್ಲಿ ಕೋಷ್ಟಕ ಇಟ್ಟ. ಗೊಬ್ಬರ ಹಾಕುವ ಹೊಲಗಳ ನಡುವೆ ಬದುಕುವವನಿಗೇ ಹೊಳೆಯುವ ಪ್ರಶ್ನೆ ಅದು. ಗ್ರೋಸರಿ ಅಂಗಡಿಯಲ್ಲಿ ಸಂಬಳದ ಕೆಲಸ, ಮನೆಯ ಮೋಟೆಲ್‌ನಲ್ಲಿ ರಾತ್ರಿ ಕೌಂಟರ್ ನೋಡಿಕೊಳ್ಳುವುದು, ತಮ್ಮ ತಂಗಿಯರ ಹೊಣೆ, ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ಯುವುದು, ಇವೆಲ್ಲ ಅರ್ಜಿಯಲ್ಲಿ ಬರೆಯುವಂಥವೇ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ‘ಕಾಮನ್ ಆ್ಯಪ್’ ಎಂಬ ವೆಬ್‌ಸೈಟಿನ ಚಟುವಟಿಕೆಗಳ ಪಟ್ಟಿಯಲ್ಲಿ ಸಂಬಳದ ಕೆಲಸಕ್ಕೂ ಕುಟುಂಬದ ಹೊಣೆಗೂ ಪ್ರತ್ಯೇಕ ವರ್ಗಗಳೇ ಇವೆ. ನಮ್ಮವರು ಇದನ್ನು ಹೇಳಿಕೊಳ್ಳಲು ನಾಚುತ್ತಾರೆ. ನಾಚಬೇಡಿ.

ಪರೀಕ್ಷೆಗಳು

ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಬೇಡವೆನ್ನುವ ಅಲೆ ಸ್ವಲ್ಪ ಹಿಂದೆ ಸರಿದಿದೆ. ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್, ಸ್ಟ್ಯಾನ್‌ಫರ್ಡ್ ಅದರ ಹಿಂದೆಯೇ ಬಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿ ಕ್ಯಾಂಪಸ್‌ಗಳು, ಅಂಕ ಕಳಿಸಿದರೂ ನೋಡುವುದಿಲ್ಲ. ನನ್ನ ಮಟ್ಟಿಗೆ ಪುಟ್ಟ ಶಾಲೆಯ ಮಕ್ಕಳಿಗೆ ಒಳ್ಳೆಯ ಎಸ್‌ಎಟಿ ಅಂಕ ದೊಡ್ಡ ಆಸರೆ. ಅಪರಿಚಿತ ಶಾಲೆಯ ಎ ಗ್ರೇಡಿನ ತೂಕ ಎಷ್ಟು ಎಂಬ ಪ್ರಶ್ನೆಗೆ ಅದು ನೇರ ಉತ್ತರ ಕೊಡುತ್ತದೆ. ಕಾಲೇಜಿನ ಸರಾಸರಿಗಿಂತ ಸ್ವಲ್ಪ ಕಡಿಮೆ ಬಂದರೂ, ನಿಮ್ಮ ಶಾಲೆಯ ಸರಾಸರಿಗಿಂತ ಬಹಳ ಮೇಲಿದ್ದರೆ ಅದಕ್ಕೂ ಬೆಲೆಯಿದೆ.

ತಯಾರಿಗೆ ಖಾನ್ ಅಕಾಡೆಮಿ ಪುಕ್ಕಟೆ. ಈಗ ಪರೀಕ್ಷೆ ಪೂರ್ತಿ ಕಂಪ್ಯೂಟರಿನಲ್ಲೇ, 2 ಗಂಟೆ 14 ನಿಮಿಷ. ಕೇಂದ್ರ ನೂರು ಮೈಲಿ ದೂರವಾದರೆ ನಿಮ್ಮ ಶಾಲೆಯಲ್ಲೇ, ಶಾಲೆಯ ಹೊತ್ತಿನಲ್ಲೇ ಬರೆಯುವ ‘ಸ್ಕೂಲ್ ಡೇ’ ಪರೀಕ್ಷೆ ನಡೆಸಬಹುದೇ ಎಂದು ಪ್ರಿನ್ಸಿಪಾಲರನ್ನು ಕೇಳಿ. ಹನ್ನೊಂದನೇ ತರಗತಿಯ ಅಕ್ಟೋಬರಿನಲ್ಲಿ ಬರುವ ಎಸ್‌ಎಟಿಯ ಪೂರ್ವಪರೀಕ್ಷೆ ಪಿಎಸ್‌ಎಟಿಯನ್ನು ಮಾತ್ರ ತಪ್ಪಿಸಬೇಡಿ. ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಅದೇ ಬಾಗಿಲು, ಮತ್ತು ಅದರ ಸೆಮಿಫೈನಲ್ ಕಟಾಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗ್ರಾಮೀಣ ರಾಜ್ಯಗಳಲ್ಲಿ ಸಾಮಾನ್ಯವಾಗಿ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಿಗಿಂತ ಕಡಿಮೆ.

ಕಾಲೇಜುಗಳ ಪಟ್ಟಿಗೆ ಮುಂಚೆ ಹಣದ ಮಾತು

ಪಟ್ಟಿ ಮಾಡಿ, ಸೀಟು ಸಿಕ್ಕಿ, ಆಮೇಲೆ ಹಣದ ಲೆಕ್ಕ ನೋಡಿ ಕುಸಿದ ಮನೆಗಳನ್ನು ಕಂಡಿದ್ದೇನೆ. ಮೊದಲೇ ನೋಡಿ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ. 2011ರಿಂದ ಕಾನೂನೇ ಹಾಗಿದೆ. ಅರ್ಧ ಗಂಟೆ ಕೂತು ಆದಾಯ, ಆಸ್ತಿ ತುಂಬಿಸಿದರೆ ನಿಮ್ಮ ಮನೆಗೆ ಸುಮಾರು ಎಷ್ಟು ಬೀಳುತ್ತದೆ ಎಂದು ತಿಳಿಯುತ್ತದೆ. ಬೋರ್ಡಿನ ಮೇಲಿನ ದರ ನೋಡಿ ಹೆದರುವುದು ತಪ್ಪು. 2025–26ರಿಂದ ಹಾರ್ವರ್ಡ್‌ನಲ್ಲಿ 2,00,000 ಡಾಲರಿಗಿಂತ ಕಡಿಮೆ ಆದಾಯದ ಮನೆಯವರಿಗೆ ಟ್ಯೂಷನ್ ಇಲ್ಲ, 1,00,000ಕ್ಕಿಂತ ಕಡಿಮೆಯಾದರೆ ಊಟ ವಸತಿಯೂ ಉಚಿತ. ಎಂಐಟಿಯದೂ ಇಂಥದೇ ಲೆಕ್ಕ. ಎಷ್ಟೋ ಮಕ್ಕಳಿಗೆ ಅವರ ರಾಜ್ಯದ ವಿಶ್ವವಿದ್ಯಾಲಯಕ್ಕಿಂತ ಇವೇ ಅಗ್ಗ ಬೀಳುತ್ತವೆ.

ವೀಸಾದ ಮೇಲಿರುವ ಮನೆಗಳಿಗೆ ಇನ್ನೊಂದು ವಿಷಯ. ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮೇಲಿರುವ ಮಗುವಿಗೆ ಫ್ಯಾಫ್ಸಾ ಎಂಬ ಸರ್ಕಾರಿ ಅರ್ಜಿಯ ಮೂಲಕ ಬರುವ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ, ಬಹಳ ಕಾಲೇಜುಗಳು ಆ ಮಗುವನ್ನು ವಿದೇಶಿ ವಿದ್ಯಾರ್ಥಿ ಎಂದೇ ಎಣಿಸುತ್ತವೆ. ಹಣ ಕೇಳಿದ್ದನ್ನೇ ಕಾರಣ ಮಾಡಿ ವಿದೇಶಿ ಮಕ್ಕಳನ್ನು ತಿರಸ್ಕರಿಸದೆ, ಬೇಕಾದಷ್ಟು ನೆರವು ಕೊಡುವ ಕಾಲೇಜುಗಳು ಕೆಲವೇ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಅವುಗಳಲ್ಲಿವೆ. ಸರ್ಕಾರಿ ವಿಶ್ವವಿದ್ಯಾಲಯದ ಇನ್-ಸ್ಟೇಟ್ ಫೀಸು, ಅಂದರೆ ಆ ರಾಜ್ಯದವರಿಗಿರುವ ಕಡಿಮೆ ದರ, ಎಚ್-4 ಮಕ್ಕಳಿಗೆ ಸಿಗುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹತ್ತನೇ ತರಗತಿಯಲ್ಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಸ್ವಂತ ಮೋಟೆಲ್, ಅಂಗಡಿ, ಜಮೀನು ಇರುವವರು ಗಮನಿಸಿ: ಕುಟುಂಬವೇ ನಡೆಸುವ ಸಣ್ಣ ವ್ಯಾಪಾರವನ್ನೂ ವಾಸವಿರುವ ಜಮೀನನ್ನೂ ಫ್ಯಾಫ್ಸಾ 2026–27ರಿಂದ ಆಸ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಲವು ಖಾಸಗಿ ಕಾಲೇಜುಗಳು ಬಳಸುವ ಸಿಎಸ್‌ಎಸ್ ಪ್ರೊಫೈಲ್ ಎಂಬ ನೆರವಿನ ಅರ್ಜಿ ಅವನ್ನೆಲ್ಲ ಬಿಡಿಸಿ ಕೇಳುತ್ತದೆ. ಎರಡೂ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತವೆ. ತೆರಿಗೆ ಕಾಗದಗಳನ್ನು ಅದಕ್ಕೆ ಮುಂಚೆಯೇ ಜೋಡಿಸಿ.

ಇನ್ನು ಪಟ್ಟಿ. ನೂರರಲ್ಲಿ ನಾಲ್ಕೈದು ಜನರನ್ನಷ್ಟೇ ತೆಗೆದುಕೊಳ್ಳುವ ಕಾಲೇಜು ಯಾವ ಮಗುವಿಗೂ ಖಚಿತವಲ್ಲ. ಸಿಗುವುದು ಗ್ಯಾರಂಟಿ ಎನ್ನುವಂಥ, ಹಣವೂ ಹೊಂದುವ, ಮಗು ಸಂತೋಷದಿಂದ ಹೋಗಬಲ್ಲ ಎರಡು ಕಾಲೇಜುಗಳನ್ನು ಮೊದಲು ಬರೆದುಕೊಳ್ಳಿ, ಮಿಕ್ಕದ್ದು ಆಮೇಲೆ. ಯಾವ ಕಾಲೇಜು ಯಾವುದಕ್ಕೆ ಎಷ್ಟು ತೂಕ ಕೊಡುತ್ತದೆ ಎಂದು ತಿಳಿಯಲು ಅದರ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿ, ಸಿ7 ಕೋಷ್ಟಕ ನೋಡಿ. ಟೆಕ್ಸಾಸ್‌ನವರಿಗೆ ಪುಟ್ಟ ಶಾಲೆಯೇ ವರ. ಅಲ್ಲಿನ 1997ರ ಕಾನೂನಿನ ಪ್ರಕಾರ ಪ್ರತಿ ಶಾಲೆಯ ಮೇಲಿನ ಶೇ. 10ರಷ್ಟು ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮಾತ್ರ ಆ ಮಿತಿ 2026ರ ಬ್ಯಾಚಿನಿಂದ ಶೇ. 5ಕ್ಕೆ ಇಳಿದಿದೆ.

ನಮ್ಮಂಥ ಊರುಗಳಿಗೆಂದೇ ತೆರೆದ ಬಾಗಿಲುಗಳು

2023ರ ಏಪ್ರಿಲ್‌ನಲ್ಲಿ 16 ವಿಶ್ವವಿದ್ಯಾಲಯಗಳು ಸೇರಿ ಸ್ಟಾರ್ಸ್ ಎಂಬ ಕೂಟ ಕಟ್ಟಿದವು. ಸಣ್ಣ ಊರಿನ, ಗ್ರಾಮೀಣ ಮಕ್ಕಳನ್ನು ಹುಡುಕಿ ಕರೆತರುವುದೇ ಅದರ ಕೆಲಸ. ಮಿಸ್ಸೂರಿಯ ಯೂನಿಯನ್ ಎಂಬ ಪುಟ್ಟ ಊರಿನಲ್ಲಿ ಬೆಳೆದು ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿದ ಬೈರನ್ ಟ್ರಾಟ್ ಅವರ ಕುಟುಂಬದ ಪ್ರತಿಷ್ಠಾನ ಇದಕ್ಕೆ 2 ಕೋಟಿ ಡಾಲರ್ ಕೊಟ್ಟಿತು. ಶಿಕಾಗೊ, ಯೇಲ್, ಎಂಐಟಿ, ಕೊಲಂಬಿಯಾ, ವ್ಯಾಂಡರ್‌ಬಿಲ್ಟ್, ವಿಸ್ಕಾನ್ಸಿನ್ ಮೊದಲ ಪಟ್ಟಿಯಲ್ಲೇ ಇದ್ದವು. ಮುಂದೆ ಸದಸ್ಯರ ಸಂಖ್ಯೆ 32ಕ್ಕೆ ಏರಿತು. ಹತ್ತನೇ ತರಗತಿಯಲ್ಲೇ ಅವರ ವೆಬ್‌ಸೈಟಿನಲ್ಲಿ ಮಗುವಿನ ಹೆಸರು ಬರೆಸಿ. ಯಾವಾಗ ಯಾರು ನಿಮ್ಮ ರಾಜ್ಯಕ್ಕೆ ಬರುತ್ತಾರೆ ಎಂಬ ಸುದ್ದಿ ಇಮೇಲ್‌ಗೆ ಬರುತ್ತದೆ.

ಆದಾಯ ಕಡಿಮೆಯಿದ್ದರೆ, ಅಂಥ ಮನೆಯ ಪ್ರತಿಭಾವಂತ ಮಕ್ಕಳನ್ನು ದೊಡ್ಡ ಕಾಲೇಜುಗಳಿಗೆ ಜೋಡಿಸುವ ಕ್ವೆಸ್ಟ್‌ಬ್ರಿಜ್ ಎಂಬ ಸಂಸ್ಥೆಯನ್ನು ನೋಡಲೇಬೇಕು. ನಾಲ್ವರ ಮನೆಗೆ ವರ್ಷಕ್ಕೆ ಸುಮಾರು 65,000 ಡಾಲರಿಗಿಂತ ಕಡಿಮೆ ಎಂಬುದು ಅವರ ಸಾಮಾನ್ಯ ಅಳತೆ. ಆಯ್ಕೆಯಾದ ಮಗು ಕಾಲೇಜುಗಳನ್ನು ಕ್ರಮವಾಗಿ ಬರೆದುಕೊಡುತ್ತದೆ. ಡಿಸೆಂಬರಿನಲ್ಲಿ ಒಂದಕ್ಕೆ ಜೋಡಿ ಬಿದ್ದರೆ ನಾಲ್ಕು ವರ್ಷದ ಪೂರ್ತಿ ವೆಚ್ಚ ಮುಗಿದಂತೆ. ಅರ್ಜಿ ಸೆಪ್ಟೆಂಬರ್ ಕೊನೆಗೆ ಮುಗಿದುಹೋಗುತ್ತದೆ, ಆ ಹೊತ್ತಿಗೆ ಬಹಳ ಮನೆಗಳಲ್ಲಿ ಕಾಲೇಜಿನ ಮಾತೇ ಶುರುವಾಗಿರುವುದಿಲ್ಲ. ಕ್ಯಾಂಪಸ್ ನೋಡಲು ಕಾಲೇಜಿನವರೇ ವಿಮಾನದ ಟಿಕೆಟ್ ಕೊಟ್ಟು ಕರೆಸಿಕೊಳ್ಳುವ ಫ್ಲೈ-ಇನ್ ಕಾರ್ಯಕ್ರಮಗಳೂ ಇವೆ. ವಿಲಿಯಮ್ಸ್, ಬೋಡನ್ ಇಂಥ ಕಾಲೇಜುಗಳ ಪುಟಗಳನ್ನು ಹನ್ನೆರಡನೇ ತರಗತಿಗೆ ಮುಂಚಿನ ಬೇಸಿಗೆಯಲ್ಲೇ ನೋಡಿ.

ಹನ್ನೊಂದನೇ ತರಗತಿಯ ಮೇ ತಿಂಗಳು: ಕೌನ್ಸೆಲರ್ ಜೊತೆ ಒಂದು ಗಂಟೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಇಡುವುದಾದರೆ ಇದನ್ನು ಇಡಿ.

ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಎಂಬುದು ಅಮೆರಿಕದ ಸ್ಕೂಲ್ ಕೌನ್ಸೆಲರ್‌ಗಳ ಸಂಘ ಹೇಳುವ ಅಳತೆ. ನಮ್ಮ ಕಡೆ ಅವರೇ ಪರೀಕ್ಷೆ ನಡೆಸುತ್ತಾರೆ, ವೇಳಾಪಟ್ಟಿ ಹಾಕುತ್ತಾರೆ, ಮಧ್ಯಾಹ್ನ ಊಟದ ಹಾಲ್ ಕಾಯುತ್ತಾರೆ. ಅವರ ಬಹುಪಾಲು ವಿದ್ಯಾರ್ಥಿಗಳು ಹೋಗುವುದು ಹತ್ತಿರದ ಕಾಲೇಜಿಗೆ ಅಥವಾ ಕೆಲಸಕ್ಕೆ. ಸಿಎಸ್‌ಎಸ್ ಪ್ರೊಫೈಲನ್ನೋ ಕ್ವೆಸ್ಟ್‌ಬ್ರಿಜ್ ಫಾರಂ ಅನ್ನೋ ಅವರು ನೋಡಿಯೇ ಇಲ್ಲದಿರಬಹುದು. ಅದು ಅವರ ತಪ್ಪಲ್ಲ. ದೂರು ಹೊತ್ತು ಹೋಗಬೇಡಿ, ಕೆಲಸ ಹಗುರ ಮಾಡುವವರಾಗಿ ಹೋಗಿ.

ಮುಂಚಿತವಾಗಿ ಸಮಯ ಕೇಳಿ, ಮಗುವನ್ನೇ ಮುಂದೆ ಬಿಟ್ಟು ಮಾತಾಡಿಸಿ. ಆ ಒಂದು ಗಂಟೆಯಲ್ಲಿ ಆಗಬೇಕಾದ ಮೊದಲ ಕೆಲಸ ಸ್ಕೂಲ್ ಪ್ರೊಫೈಲ್ ನೋಡುವುದು. “ಒಂದು ಪ್ರತಿ ನೋಡಬಹುದೇ?” ಎಂದು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಅದರಲ್ಲಿ ಇವು ಸರಿಯಾಗಿವೆಯೇ ಎಂದು ಒಂದೊಂದಾಗಿ ನೋಡಿ: ಈ ವರ್ಷ ನಿಜವಾಗಿ ನಡೆಯುತ್ತಿರುವ ಎಪಿ ಮತ್ತು ಆನರ್ಸ್ ಕೋರ್ಸ್‌ಗಳು ಯಾವುವು, ಎರಡು ಕೋರ್ಸ್ ಒಂದೇ ಪೀರಿಯಡ್‌ನಲ್ಲಿ ಬಿದ್ದು ಒಂದನ್ನು ಬಿಡಬೇಕಾದ ಸ್ಥಿತಿ ಇದೆಯೇ, ಜಿಪಿಎ (ಗ್ರೇಡುಗಳ ಸರಾಸರಿ) ಎಷ್ಟರಲ್ಲಿ ಲೆಕ್ಕ, ಎಪಿಗೆ ಹೆಚ್ಚಿನ ತೂಕ ಇದೆಯೇ, ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಎಸ್‌ಎಟಿ ಅಥವಾ ಅಂಥದೇ ಪರೀಕ್ಷೆಯಾದ ಎಸಿಟಿಯ ಸರಾಸರಿ ಎಷ್ಟು, ಎಷ್ಟು ಮಂದಿ ನಾಲ್ಕು ವರ್ಷದ ಕಾಲೇಜಿಗೆ ಹೋಗುತ್ತಾರೆ, ಉಚಿತ ಅಥವಾ ರಿಯಾಯಿತಿ ಊಟ ಪಡೆಯುವವರು ಎಷ್ಟು. ಕಮ್ಯುನಿಟಿ ಕಾಲೇಜು ಎಷ್ಟು ಮೈಲಿ ಎಂಬ ಒಂದು ಸಾಲು ಸೇರಿದರೆ ಇನ್ನೂ ಒಳ್ಳೆಯದು. ಪ್ರೊಫೈಲೇ ಇಲ್ಲದ ಶಾಲೆಗಳೂ ಇವೆ. ಹಾಗಿದ್ದರೆ ಈ ಅಂಶಗಳ ಒಂದು ಕರಡು ಬರೆದು ಕೊಟ್ಟು, “ನಿಮಗೆ ಸರಿ ಕಂಡಂತೆ ತಿದ್ದಿಕೊಳ್ಳಿ” ಎನ್ನಿ. ಬೇಸಿಗೆ ರಜೆಯ ಮುಂಚೆ ಕೊಟ್ಟರೆ ಆಗಸ್ಟಿಗೆ ಹೊಸದು ಸಿದ್ಧವಾಗಿರುತ್ತದೆ.

ಸಣ್ಣ ಕ್ಲಾಸಿನಲ್ಲಿ ರ‍್ಯಾಂಕ್ ಮೋಸ ಮಾಡುತ್ತದೆ. 43 ಮಕ್ಕಳಲ್ಲಿ ಐದನೆಯವಳಾದರೆ ಮೇಲಿನ ಶೇ. 10ರಿಂದ ಹೊರಗೆ, ಒಂದು ಬಿ ಗ್ರೇಡು ಅಷ್ಟು ಕೆಲಸ ಮಾಡಬಲ್ಲದು. ಇದನ್ನು ಕೌನ್ಸೆಲರ್ ತಮ್ಮ ಪತ್ರದಲ್ಲಿ ಒಂದು ವಾಕ್ಯದಲ್ಲಿ ಹೇಳಿದರೆ ಓದುವವರಿಗೆ ಅರ್ಥವಾಗುತ್ತದೆ. ನಾವೇ ಹೇಳಿದರೆ ಸಬೂಬಿನಂತೆ ಕೇಳುತ್ತದೆ.

ಶಿಫಾರಸು ಪತ್ರ

ಇಲ್ಲಿ ನಮ್ಮ ಮಕ್ಕಳದು ಮೇಲುಗೈ. ಸಣ್ಣ ಶಾಲೆಯಲ್ಲಿ ಒಬ್ಬರೇ ಟೀಚರ್ ಬಯಾಲಜಿಯನ್ನೂ ಕೆಮಿಸ್ಟ್ರಿಯನ್ನೂ ಕಲಿಸಿ, ಸಂಜೆ ಟ್ರ್ಯಾಕ್ ಕೋಚ್ ಆಗಿ, ಭಾನುವಾರ ಅಂಗಡಿಯಲ್ಲಿ ಎದುರಾಗುತ್ತಾರೆ. ಮೂರು ವರ್ಷ ಹತ್ತಿರದಿಂದ ಕಂಡವರು ಬರೆಯುವ ಪತ್ರ ದೊಡ್ಡ ಶಾಲೆಯ ಮಕ್ಕಳಿಗೆ ಸುಲಭದಲ್ಲಿ ಸಿಗುವುದಿಲ್ಲ. ತೊಂದರೆ ಒಂದೇ, ಅವರಿಗೆ ಇಂಥ ಪತ್ರ ಬರೆದು ಅಭ್ಯಾಸವಿಲ್ಲ. “ಒಳ್ಳೆಯ ಹುಡುಗಿ, ಶ್ರಮಜೀವಿ” ಎಂದು ನಾಲ್ಕು ಸಾಲಿಗೆ ಮುಗಿಸಿಬಿಡುತ್ತಾರೆ. ಮಗು ಮೇ ತಿಂಗಳಲ್ಲೇ ಕೇಳಿ, ಜೊತೆಗೆ ಒಂದು ಪುಟ ಕೊಡಲಿ: ನಿಮ್ಮ ಕ್ಲಾಸಿನಲ್ಲಿ ನನಗೆ ನೆನಪಿರುವ ಮೂರು ಸಂದರ್ಭಗಳು, ನಾನು ಎಡವಿ ಸರಿಪಡಿಸಿಕೊಂಡ ಒಂದು ಪ್ರಯೋಗ, ಮುಂದೆ ಓದಬೇಕೆಂದಿರುವುದು. ಪತ್ರಕ್ಕೆ ಜೀವ ಬರುವುದು ಅಂಥ ಸಂದರ್ಭಗಳಿಂದ.

ಎಸ್ಸೇ: ಊರಿನ ಒಳಗಿನಿಂದ ಬರೆಯಲಿ

ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ, ಮುಖ್ಯ ಎಸ್ಸೇಗೆ 650 ಪದಗಳ ಮಿತಿ. ಗ್ರಾಮೀಣ ಮಕ್ಕಳು ಎರಡು ಹೊಂಡಗಳಿಗೆ ಬೀಳುವುದನ್ನು ನೋಡಿದ್ದೇನೆ. ಒಂದು, ಊರನ್ನು ಬೈಯುವುದು: ಇಲ್ಲಿ ಏನೂ ಇಲ್ಲ, ಯಾರಿಗೂ ಏನೂ ತಿಳಿಯದು, ನಾನೊಬ್ಬನೇ ಬೇರೆ. ಓದುವವರಿಗೆ ಅಲ್ಲಿ ಕಾಣುವುದು ಊರಲ್ಲ, ಹುಡುಗನ ಅಹಂಕಾರ. ಇನ್ನೊಂದು, ಟ್ರ್ಯಾಕ್ಟರು, ಸೂರ್ಯೋದಯ, ಮುಗ್ಧ ಜನ ಎಂದು ಕ್ಯಾಲೆಂಡರ್ ಚಿತ್ರ ಬಿಡಿಸುವುದು. ನಮ್ಮ ಮಕ್ಕಳಿಗೆ ಮೂರನೆಯ ಹೊಂಡವೂ ಇದೆ: ಎರಡು ಸಂಸ್ಕೃತಿಗಳ ನಡುವೆ ಸಿಲುಕಿದ ಕಥೆ. ಅದು ನಿಜವೇ ಇರಬಹುದು, ಆದರೆ ಅದನ್ನು ಓದಿ ಓದಿ ಅವರಿಗೆ ಸಾಕಾಗಿದೆ.

ಸಣ್ಣ, ನಿರ್ದಿಷ್ಟ ಸಂಗತಿ ಹುಡುಕಲಿ. ಮಗಳು ಮೊದಲ ಕರಡಿನಲ್ಲಿ ನಾಯಕತ್ವ ಎಂದು ಏನೋ ಬರೆದಿದ್ದಳು. ಕೊನೆಗೆ ಕಳಿಸಿದ್ದು ಲೈಬ್ರರಿಯಲ್ಲಿ ವಯಸ್ಸಾದವರಿಗೆ ಔಷಧಿ ಆರ್ಡರ್ ಮಾಡುವ ಫೋನ್ ಆ್ಯಪ್ ಹೇಳಿಕೊಡುತ್ತಿದ್ದ ಶನಿವಾರಗಳ ಬಗ್ಗೆ. ಊರಿನ ಏಕೈಕ ಫಾರ್ಮಸಿ ಮುಚ್ಚಿದ ಮೇಲೆ ಶುರುವಾದ ಕೆಲಸ ಅದು. ಊರಿನ ದೂರ, ಜನರ ಸ್ವಭಾವ, ಅವಳ ತಾಳ್ಮೆ ಎಲ್ಲ ಅದರಲ್ಲೇ ಬಂತು. ಅಪ್ಪ ಅಮ್ಮಂದಿರು ಎಸ್ಸೇ ತಿದ್ದಲು ಹೋಗಬೇಡಿ. ಹದಿನೇಳರ ದನಿ ಕಳೆದು ನಲವತ್ತೈದರ ದನಿ ಬಂದರೆ ಗೊತ್ತಾಗಿಬಿಡುತ್ತದೆ.

ಚಟುವಟಿಕೆಗಳಿಗೆ ಹತ್ತು ಸ್ಥಾನ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ಅಂಕಿಗಳಲ್ಲಿ ಬರೆಯಿರಿ: ವಾರಕ್ಕೆ ಎಷ್ಟು ಗಂಟೆ, ಎಷ್ಟು ಹಸು, ಎಷ್ಟು ಮಂದಿ ಮಕ್ಕಳಿಗೆ ಕಲಿಸಿದ್ದು. ‘ಹೆಚ್ಚಿನ ಮಾಹಿತಿ’ ಎಂಬ ಜಾಗದಲ್ಲಿ ಎರಡನೇ ಎಸ್ಸೇ ಬೇಡ. “ನಮ್ಮ ಶಾಲೆಯಲ್ಲಿ ಫಿಸಿಕ್ಸ್ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಆದ್ದರಿಂದ ಕಮ್ಯುನಿಟಿ ಕಾಲೇಜಿನಲ್ಲಿ ಓದಿದೆ” ಎಂಬಂಥ ಎರಡು ಮೂರು ಒಣ ವಾಕ್ಯಗಳಿಗೆ ಅದು ಸರಿಯಾದ ಜಾಗ.

ಗಡುವುಗಳು ಮತ್ತು ಕೊನೆಯ ತಿಂಗಳುಗಳು

ಅರ್ಲಿ ಅರ್ಜಿಗಳು ಹೆಚ್ಚಾಗಿ ನವೆಂಬರ್ 1ಕ್ಕೆ, ರೆಗ್ಯುಲರ್ ಅರ್ಜಿಗಳು ಜನವರಿಯ ಮೊದಲ ವಾರಕ್ಕೆ. ಅರ್ಲಿ ಡಿಸಿಷನ್ ಎಂದರೆ ಸಿಕ್ಕಿದರೆ ಸೇರಲೇಬೇಕಾದ ಕರಾರು. ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರಿನ ಮೊತ್ತ ಕೈಗೆಟಕುವಂತಿದ್ದರೆ ಮಾತ್ರ ಸಹಿ ಹಾಕಿ. ಅರ್ಜಿ ಶುಲ್ಕ ಭಾರವಾದರೆ ಕಾಮನ್ ಆ್ಯಪ್‌ನಲ್ಲೇ ವಿನಾಯಿತಿ ಕೇಳುವ ಪ್ರಶ್ನೆ ಇದೆ. ನಮ್ಮ ಕಡೆ ಇಂಟರ್ನೆಟ್ ಕೈಕೊಡುವುದು ಹೊಸದಲ್ಲ, ಗಡುವಿಗೆ ಎರಡು ದಿನ ಮುಂಚೆಯೇ ಕಳಿಸಿಬಿಡಿ.

ಮಾರ್ಚ್ ಕೊನೆಗೆ ಉತ್ತರಗಳು ಬರುತ್ತವೆ. ನೆರವಿನ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಗ್ರ್ಯಾಂಟ್ ಬೇರೆ, ಸಾಲ ಬೇರೆ ಎಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಕೆಲವು ಪತ್ರಗಳಲ್ಲಿ ಎರಡನ್ನೂ ಕೂಡಿಸಿ ಒಂದೇ ಮೊತ್ತ ತೋರಿಸಿರುತ್ತಾರೆ. ಮನೆಯ ಸ್ಥಿತಿ ಬದಲಾಗಿದ್ದರೆ, ಅಥವಾ ಸಮಾನವಾದ ಇನ್ನೊಂದು ಕಾಲೇಜು ಹೆಚ್ಚು ಕೊಟ್ಟಿದ್ದರೆ, ಕಾಗದ ಪತ್ರ ಸಮೇತ ವಿನಯದಿಂದ ಮರುಪರಿಶೀಲನೆ ಕೇಳಿ. ಉತ್ತರ ಕೊಡಲು ಸಾಮಾನ್ಯವಾಗಿ ಮೇ 1 ಕೊನೆಯ ದಿನ. ಸೇರುವ ಕಾಲೇಜಿಗೆ ಹೈಸ್ಕೂಲಿನ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಕಮ್ಯುನಿಟಿ ಕಾಲೇಜಿನದ್ದೂ ಹೋಗಬೇಕು. ಅದನ್ನು ಶಾಲೆಯವರು ಕಳಿಸುವುದಿಲ್ಲ, ಮಗುವೇ ಆ ಕಾಲೇಜಿಗೆ ಕೋರಿಕೆ ಹಾಕಬೇಕು.

ಆ ವರ್ಷದ ಮೇ ಕೊನೆಯಲ್ಲಿ ನಾನು ಮತ್ತೆ ಕೌನ್ಸೆಲರ್ ಬಳಿ ಹೋಗಿದ್ದೆ. ಮಗಳ ಫೈಲಿನಲ್ಲಿದ್ದ ಗಡುವುಗಳ ಪಟ್ಟಿ, ಸ್ಟಾರ್ಸ್ ಮತ್ತು ಕ್ವೆಸ್ಟ್‌ಬ್ರಿಜ್ ವಿವರ, ಟೀಚರ್‌ಗಳಿಗೆ ಕೊಟ್ಟ ಒಂದು ಪುಟದ ಮಾದರಿ ಎಲ್ಲವನ್ನೂ ಅವರಿಗೆ ಕೊಟ್ಟೆ. ಇಬ್ಬರೂ ಕೂತು ಸ್ಕೂಲ್ ಪ್ರೊಫೈಲನ್ನು ಮುಂದಿನ ಬ್ಯಾಚಿಗಾಗಿ ತಿದ್ದಿದೆವು. ಈಗ ಅದರಲ್ಲಿ ಹೀಗಿದೆ: ಮಕ್ಕಳು 38, ಎಪಿ ಕೋರ್ಸ್‌ಗಳು 2, ಕಮ್ಯುನಿಟಿ ಕಾಲೇಜು 46 ಮೈಲಿ, ಬಸ್ ಇಲ್ಲ.